ಸದ್ದು ಮಾಡುವ ಕೀಬೋರ್ಡು

ನಾನು ಟೈಪ್ ಮಾಡಿ ಬದುಕುವವಳು. ಆಂಧ್ರದ ಗಡಿಯ ರಾಯದುರ್ಗದಲ್ಲಿ, ನಮ್ಮ ಕಡೆ ಜನ ಎಮ್ಮಾರ್ವೋ ಆಫೀಸು ಅನ್ನುವ ತಹಶೀಲ್ದಾರರ ಕಚೇರಿಗೆ ಹತ್ತಿರದಲ್ಲಿ ಒಂದು ಡಿಟಿಪಿ ಅಂಗಡಿಯಿದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಅರ್ಜಿ, ಕ್ರಯಪತ್ರ, ಬಾಡಿಗೆ ಕರಾರು, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲವೂ ನನ್ನ ಬೆರಳ ಕೆಳಗೆ ಹಾದುಹೋಗುತ್ತವೆ. ಒಂದೇ ಮದುವೆಗೆ ಗಂಡಿನವರು ಕನ್ನಡದಲ್ಲಿ ಕಾರ್ಡು ಕೇಳುತ್ತಾರೆ, ಹೆಣ್ಣಿನವರು ತೆಲುಗಿನಲ್ಲಿ. ಅಂಗಡಿಯ ಎಡಕ್ಕೂ ಬಲಕ್ಕೂ ಜೀನ್ಸ್ ಹೊಲಿಯುವ ಶೆಡ್ಡುಗಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಮಷೀನುಗಳ ಗರಗರದ ನಡುವೆ ನನ್ನದೂ ಒಂದು ಟಕಟಕ.

ಆ ಟಕಟಕ ಒಂದು ಸಲ ನಿಂತುಹೋಯಿತು. ಅಂಗಡಿಯ ಯಜಮಾನರು ಹಳೆಯ ಕಂಪ್ಯೂಟರುಗಳನ್ನು ತೆಗೆಸಿ ಹೊಸವನ್ನು ಹಾಕಿಸಿದರು. ಅವರು ನನಗಿಂತ ಚಿಕ್ಕವರು, ತಂದೆಯ ನಂತರ ಅಂಗಡಿ ನಡೆಸುತ್ತಿರುವವರು, ನನ್ನನ್ನು ಅಕ್ಕಾರು ಅಂತಲೇ ಕರೆಯುವುದು. ಹೊಸ ಕೀಬೋರ್ಡನ್ನು ಡಬ್ಬಿಯಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು, ನನ್ನ ಮುಂದೆ ಇಟ್ಟರು.

"ನೋಡ್ರಿ ಅಕ್ಕಾರ, ಎಷ್ಟು ತೆಳ್ಳಗೈತಿ. ಹಪ್ಪಳ ಇದ್ದಂಗೈತಿ. ಒತ್ತಿದ್ರ ಸಪ್ಪಳಾನ ಇಲ್ಲ."

"ಚೆಂದ ಐತ್ರಿ" ಅಂದೆ. ನೋಡುವುದಕ್ಕೆ ಚೆಂದವಾಗಿಯೇ ಇತ್ತು.

ವಾರ ಕಳೆಯುವಷ್ಟರಲ್ಲಿ ಕೈ ನೋವು ಶುರುವಾಯಿತು. ಮೊದಲು ಬೆರಳ ತುದಿ ಜುಮ್ಮೆನ್ನತೊಡಗಿತು, ಆಮೇಲೆ ಮಣಿಕಟ್ಟು, ಆಮೇಲೆ ಮೊಳಕೈವರೆಗೆ ಎಳೆತ. ಇಷ್ಟು ವರ್ಷ ಟೈಪ್ ಮಾಡಿದವಳಿಗೆ ಈಗ ಯಾಕೆ ಹೀಗೆ ಅಂತ ನನಗೇ ತಿಳಿಯಲಿಲ್ಲ. ಗಮನವಿಟ್ಟು ನೋಡಿಕೊಂಡಾಗ ಗೊತ್ತಾಯಿತು. ಹಳೆಯ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೂ ಒಂದು ಪುಟ್ಟ ಸ್ಪ್ರಿಂಗ್ ಇರುತ್ತಿತ್ತು. ಒತ್ತಿದರೆ ಅದು ಬೆರಳಿಗೆ ಸ್ವಲ್ಪ ಎದುರು ನಿಲ್ಲುತ್ತದೆ, ಅರ್ಧಕ್ಕೆ ಇಳಿದ ಮೇಲೆ ಟಕ್ ಅಂತ ಸೋಲುತ್ತದೆ. ಅಕ್ಷರ ಬಿತ್ತು ಅನ್ನುವುದು ಬೆರಳಿಗೇ ತಿಳಿಯುತ್ತದೆ. ತಳ ಮುಟ್ಟುವ ಮೊದಲೇ ಬೆರಳು ಮೇಲೇಳುತ್ತದೆ. ಹೊಸದರಲ್ಲಿ ಬೆರಳು ಇಳಿಯುವುದಕ್ಕೆ ಜಾಗವೇ ಇಲ್ಲ. ಪ್ರತಿ ಸಲವೂ ನೆಲಕ್ಕೆ ಕುಟ್ಟಿದ ಹಾಗೆ. ಬಿತ್ತೋ ಇಲ್ಲವೋ ಅನ್ನುವ ಅನುಮಾನಕ್ಕೆ ಇನ್ನಷ್ಟು ಜೋರಾಗಿ ಕುಟ್ಟುತ್ತೇವೆ. ಅದರ ಮೇಲೆ, ಬೆರಳನ್ನು ಸುಮ್ಮನೆ ಇಟ್ಟುಕೊಂಡು ಯೋಚಿಸುವ ಹಾಗೂ ಇಲ್ಲ. ಸ್ವಲ್ಪ ಭಾರ ಬಿದ್ದರೂ ಸಾಕು, ಕ್ರಯಪತ್ರದ ನಡುವೆ ಯಾವುದೋ ಅಕ್ಷರ ಸಾಲಾಗಿ ನಿಂತಿರುತ್ತದೆ.

ಒಂದು ಸಂಜೆ ರೊಟ್ಟಿ ತಟ್ಟುವುದಕ್ಕೆ ಕುಳಿತರೆ ಕೈ ಬರಲಿಲ್ಲ. ನನ್ನ ಗಂಡ ಜೀನ್ಸ್ ಶೆಡ್ಡಿನಲ್ಲಿ ಕಟಿಂಗ್ ಮಾಸ್ಟರ್. ಹಿಟ್ಟಿನ ಮುಂದೆ ಕೈ ಹಿಸುಕಿಕೊಳ್ಳುತ್ತಿದ್ದ ನನ್ನನ್ನು ನೋಡಿ ಅವರು ಹೇಳಿದರು: "ಕೈಗೆ ಒಗ್ಗದ ಕತ್ರಿ ಹಿಡಿದ್ರ ನನಗೂ ಹಿಂಗ ಆಗ್ತೈತಿ. ಮುಲಾಮು ಹಚ್ಚಿದ್ರ ಹೋಗೂದಲ್ಲ ಅದು. ನಿನ್ನ ಹಳೇದು ಎಲ್ಲೈತಿ? ಮದ್ಲ ಅದನ್ನ ಹುಡುಕು."

ಹಳೆಯದು ಅಂಗಡಿಯ ಅಟ್ಟದ ಮೇಲೆ, ಕೆಟ್ಟ ಪ್ರಿಂಟರಿನ ಕೆಳಗೆ ಬಿದ್ದಿತ್ತು. ಯಜಮಾನರು ಅದನ್ನು ಗುಜರಿಯವನಿಗೆ ಹಾಕುವುದಕ್ಕೆ ಎತ್ತಿಟ್ಟಿದ್ದರಂತೆ. ಇಳಿಸಿಕೊಂಡೆ. ಎಷ್ಟು ಭಾರ! ಒಂದು ಕಾಲಕ್ಕೆ ಹಾಲಿನ ಬಣ್ಣವಿದ್ದದ್ದು ಈಗ ಹಳದಿಗೆ ತಿರುಗಿತ್ತು. ಮೇಲಿನ ಅಕ್ಷರಗಳೆಲ್ಲ ಸವೆದುಹೋಗಿದ್ದವು. ಮನೆಗೆ ತಂದು, ಒಂದೊಂದೇ ಕೀಯನ್ನು ಚಮಚದ ಹಿಡಿಯಿಂದ ಮೀಟಿ ತೆಗೆದು ಸೋಪಿನ ನೀರಿನಲ್ಲಿ ಹಾಕಿದೆ. ಒಳಗೆ ಏನೇನು ಇತ್ತು ಅಂತ ಹೇಳಲಿ? ಕಡಲೆಕಾಯಿ ಸಿಪ್ಪೆ, ಲಗ್ನಪತ್ರಿಕೆಗೆ ಹಚ್ಚುವ ಅರಿಶಿನ, ಕೂದಲು, ಗುಂಡುಪಿನ್ನು, ಇಲ್ಲಿಯವರು ಮಂಡಾಳು ಅನ್ನುವ ಮಂಡಕ್ಕಿಯ ಚೂರು. ನಾನೇ ಅಲ್ಲಿ ಕುಳಿತು ತಿಂದದ್ದು ಬಹಳಷ್ಟು. ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗಿಟ್ಟು, ಮತ್ತೆ ಜೋಡಿಸಿದೆ. ಅದರ ಪಿನ್ನು ಗುಂಡಗಿನದು. ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಇಲ್ಲಿಯ ಮೊಬೈಲ್ ಅಂಗಡಿಯಲ್ಲಿ ಸಿಕ್ಕ ಕನ್ವರ್ಟರ್ ಕೆಲಸ ಮಾಡಲಿಲ್ಲ. ಬಳ್ಳಾರಿಯಿಂದ ತರಿಸಿದ ಇನ್ನೊಂದು ಕೆಲಸ ಮಾಡಿತು.

ಯಜಮಾನರಿಗೆ ಆ ಸದ್ದು ಹಿಡಿಸಲಿಲ್ಲ. ಪಾಪ, ಅವರದೂ ತಪ್ಪಲ್ಲ. ದಿನವೆಲ್ಲ ಫೋನಿನಲ್ಲೇ ವ್ಯವಹಾರ ಮಾಡುವವರು. "ಅಕ್ಕಾರ, ಫೋನ್ನಾಗ ಮಾತಾಡಿದ್ರ ಆ ಕಡೆಯವ್ರು ಎಲ್ಲಿ ಮಳಿ ಬರಾಕ ಹತ್ತೈತಿ ಅಂತ ಕೇಳ್ತಾರ್ರಿ" ಅಂದರು. ನಾನು ಕೈ ತೋರಿಸಿದೆ. ಮಣಿಕಟ್ಟಿನ ಸುತ್ತ ಊದಿಕೊಂಡಿತ್ತು. ಮರುದಿನ ನನ್ನ ಟೇಬಲ್ಲನ್ನು ತಾವೇ ಎಳೆದು, ಹೊಲಿಗೆ ಶೆಡ್ಡಿನ ಗೋಡೆಯ ಕಡೆಗೆ ಹಾಕಿದರು. ಕೀಬೋರ್ಡಿನ ಕೆಳಗೆ ಹಾಸುವುದಕ್ಕೆ ಜೀನ್ಸ್ ಬಟ್ಟೆಯ ದಪ್ಪ ತುಂಡೊಂದನ್ನು ನನ್ನ ಗಂಡ ಕತ್ತರಿಸಿಕೊಟ್ಟರು. ಕೆಲವೇ ವಾರಗಳಲ್ಲಿ ಕೈ ಮೊದಲಿನ ಹಾಗಾಯಿತು.

ನನ್ನ ಕೈಗೆ ಗಟ್ಟಿ ಕೀಗಳ ಅಭ್ಯಾಸ ಹತ್ತಿದ್ದು ಕಂಪ್ಯೂಟರಿನಿಂದಲ್ಲ, ಅದಕ್ಕೂ ಹಿಂದೆ. ನನ್ನ ತವರು ಮಡಕಶಿರದ ಕಡೆಯ ಗುಡಿಬಂಡೆಯ ಪಕ್ಕದ ಹಳ್ಳಿ. ಹತ್ತನೇ ತರಗತಿ ಮುಗಿದ ಮೇಲೆ ಆಟೋ ಹಿಡಿದು ಮಡಕಶಿರಕ್ಕೆ ಟೈಪಿಂಗ್ ಕಲಿಯುವುದಕ್ಕೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಮೇಡಂ ತಮ್ಮ ಮನೆಯ ಮುಂದಿನ ಉದ್ದನೆಯ ಕೋಣೆಯಲ್ಲೇ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಅಗಲವಾದ ಅಂಗೈ, ಉದ್ದನೆಯ ಬೆರಳುಗಳು. ಇಂಗ್ಲಿಷ್ ಟೈಪ್‌ರೈಟರ್ ಮಷೀನುಗಳು, ತೆಲುಗು ಮಷೀನುಗಳು ಸಾಲಾಗಿದ್ದವು. ಕಿಟಕಿಯ ಪಕ್ಕದಲ್ಲಿ ಒಂದೇ ಒಂದು ಕನ್ನಡ ಮಷೀನು. ಅದನ್ನು ಅವರು ಶಿರಾದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದರು.

"ತೆಲುಗು, ಇಂಗ್ಲಿಷು ಎಲ್ರೂ ಕಲೀತಾರೆ. ನೀನು ಕನ್ನಡಾನೂ ಕಲ್ತ್ಕೊಳಮ್ಮಿ. ಒಂದು ಕಸುಬು ಜಾಸ್ತಿ ಇದ್ರೆ ಕೆಟ್ಟೋಗ್ತೀಯಾ?" ಅಂದು ನನ್ನನ್ನು ಆ ಕಿಟಕಿಯ ಪಕ್ಕ ಕೂರಿಸಿದರು. ಅವರು ನಮ್ಮ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು, ಕೀ ನೋಡಬಾರದು ಅಂತ. ತಪ್ಪಿದರೆ ಬೈಯುತ್ತಿರಲಿಲ್ಲ. "ಬೆರಳಿಗೆ ಗೊತ್ತೈತೆ, ನೀನು ಅಡ್ಡ ಬರ್ಬೇಡ" ಅನ್ನುತ್ತಿದ್ದರು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವರು ಅದೇ ಕನ್ನಡ ಮಷೀನಿನ ಮುಂದೆ ಕುಳಿತು ತಮ್ಮ ಅಕ್ಕನಿಗೆ ಕಾಗದ ಬರೆಯುತ್ತಿದ್ದರು. ಅಕ್ಕನನ್ನು ಇತ್ತ ರಾಯದುರ್ಗದ ಕಡೆಯ ಕಣೇಕಲ್ಲಿಗೆ ಕೊಟ್ಟಿತ್ತು, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆಗೆ. ತಮ್ಮ ಇಡೀ ಮನೆಯಲ್ಲಿ ತಮ್ಮ ಮಾತಿಗೆ ಮಾತು ಕೊಡುತ್ತಿದ್ದವರು ಆ ಅಕ್ಕ ಒಬ್ಬರೇ ಅಂತ ಮೇಡಂ ಒಮ್ಮೆ ಹೇಳಿದ್ದರು.

ನನಗೆ ರಾಯದುರ್ಗದಿಂದ ಸಂಬಂಧ ಬಂತು. ಮಡಕಶಿರದಲ್ಲಿ ಕಂಪ್ಯೂಟರ್ ಸೆಂಟರುಗಳು ಬಂದವು, ಮೇಡಂ ಅವರ ಇನ್‌ಸ್ಟಿಟ್ಯೂಟ್ ಮುಚ್ಚಿತು. ಊರಿಗೆ ಹೋದಾಗ ಒಮ್ಮೊಮ್ಮೆ ಅವರನ್ನು ನೋಡಿಕೊಂಡು ಬರುತ್ತಿದ್ದೆ. ಆಮೇಲೆ ಅದೂ ತಪ್ಪಿತು.

ಹಳೆಯ ಕೀಬೋರ್ಡು ಅಟ್ಟದಿಂದ ಇಳಿದ ಮುಂದಿನ ಬೇಸಗೆಯಲ್ಲಿ, ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ಅಂತ ಊರಿಗೆ ಹೋಗಿದ್ದೆ. ವಾಪಸು ಬರುವಾಗ ಮಡಕಶಿರದಲ್ಲಿ ಇಳಿದು ಮೇಡಂ ಮನೆಗೆ ಹೋದೆ. ಈಗ ಅವರ ತಮ್ಮನ ಮಗನ ಸಂಸಾರ ಅವರ ಜೊತೆಗಿದೆ. ಅವನ ಹೆಂಡತಿ ಬಾಗಿಲು ತೆಗೆದಳು. ಒಳಗಿನ ಕೋಣೆಯಲ್ಲಿ ಮೇಡಂ ಒಂದು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ನನ್ನನ್ನು ಗುರುತಿಸುವುದಕ್ಕೆ ಅರೆಗಳಿಗೆಯೂ ಹಿಡಿಯಲಿಲ್ಲ.

"ಬಾರಮ್ಮಿ, ಬಾ. ಏನು, ರಾಯದುರ್ಗದೋರು ದಾರಿ ತಪ್ಪಿ ಬಂದ್ರಾ?"

ನಾನು ನಗುತ್ತಾ ಅವರ ಕಾಲಿಗೆ ಬಗ್ಗಿದೆ. ಎದ್ದಾಗ ಅವರ ಕೈ ಕಣ್ಣಿಗೆ ಬಿತ್ತು. ತೊಡೆಯ ಮೇಲಿದ್ದ ಬಲಗೈ ತನ್ನಷ್ಟಕ್ಕೆ ತಾನು ಅಲುಗುತ್ತಿತ್ತು, ಹೆಬ್ಬೆರಳೂ ತೋರುಬೆರಳೂ ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿರುವ ಹಾಗೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ನಡುಕದ ಕಾಯ್ಲೆ ಕಣಮ್ಮಿ. ಹಿಂದೂಪುರದ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಮಾತ್ರೆ ನುಂಗಿದ್ ಮೇಲೆ ಒಂದಷ್ಟೊತ್ತು ಪರವಾಗಿಲ್ಲ. ಕೆಲಸಕ್ಕೆ ಹಚ್ಚಿದ್ರೆ ಕಮ್ಮಿ ಆಗ್ತೈತೆ, ಸುಮ್ನಿದ್ರೆ ಜಾಸ್ತಿ. ಸುಮ್ನಿರೋದು ನನ್ಗೂ ಬರಾಕಿಲ್ಲ, ನನ್ ಕೈಗೂ ಬರಾಕಿಲ್ಲ."

ಲ್ಯಾಪ್‌ಟಾಪಿನಲ್ಲಿ ಏನು ಮಾಡುತ್ತಿದ್ದೀರಿ ಅಂದೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಅಕ್ಕಕ್ಕಕ್ಕಾಾಾ" ಅಂತ ಒಂದು ಸಾಲು, ಅದರ ಕೆಳಗೆ ಓದಲಾಗದ ಇನ್ನೊಂದು.

ಕಥೆ ಹೀಗಿತ್ತು. ಕಣೇಕಲ್ಲಿನ ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ. ಕಿವಿಗೆ ಮಷೀನು ಹಾಕಿಸಿದರೆ ಬರೀ ಗಾಳಿಯ ಸದ್ದು ಕೇಳುತ್ತದೆ ಅಂತ ತೆಗೆದಿಟ್ಟಿದ್ದಾರೆ. ಫೋನು ಬಂದ ಮೇಲೆ ಅಕ್ಕತಂಗಿಯರು ಕಾಗದ ಬರೆಯುವುದನ್ನು ಬಿಟ್ಟು ದಿನಾ ಮಾತಾಡುತ್ತಿದ್ದರು. ಈಗ ಆ ಫೋನೂ ಇಲ್ಲ. ಕೈಯಲ್ಲಿ ಬರೆಯೋಣವೆಂದರೆ ಮೇಡಂ ಅವರ ಅಕ್ಷರ ಇರುವೆ ಸಾಲಿನ ಹಾಗೆ ಚಿಕ್ಕದಾಗಿ, ಸೊಟ್ಟಗಾಗಿ ಹೋಗುತ್ತದೆ. ಅಕ್ಕನಿಗೆ ಫೋನಿನಲ್ಲಿ ಮೆಸೇಜು ತೆರೆದು ಓದುವುದು ಬರುತ್ತದೆ, ಸೊಸೆ ಕಲಿಸಿದ್ದಾಳೆ. ಆದರೆ ಮೇಡಂ ಬೆರಳು ಫೋನಿನ ಗಾಜಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ತಮ್ಮನ ಮಗ ತನ್ನ ಲ್ಯಾಪ್‌ಟಾಪ್ ಕೊಟ್ಟಿದ್ದ. ಅದರ ಕೀಗಳು ನಮ್ಮ ಅಂಗಡಿಯ ಹೊಸದಕ್ಕಿಂತಲೂ ತೆಳು. ಬೆರಳು ತಾಗಿದರೆ ಸಾಕು, ನಡುಗಿದಷ್ಟು ಸಲ ಅಕ್ಷರ ಬೀಳುತ್ತದೆ. ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುವ ಹಾಗೆ ಅವನು ಸೆಟ್ಟಿಂಗ್ ಮಾಡಿಕೊಟ್ಟಿದ್ದ. ಅದೂ ಇವರಿಗೆ ಒಗ್ಗಲಿಲ್ಲ. ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವನ್ನೂ ನೋಡಿದರಂತೆ. ಮಡಕಶಿರದ ಕನ್ನಡ ಅದಕ್ಕೆ ಅರ್ಥವಾಗಲಿಲ್ಲ.

"ನಾನು ಬರ್ಕೊಡ್ತೀನಿ ಅಂದ್ರೆ ಬ್ಯಾಡ ಅಂತಾರೆ" ಅಂದಳು, ಬಾಗಿಲು ತೆಗೆದಿದ್ದ ಆ ಹುಡುಗಿ, ಮಜ್ಜಿಗೆ ಕೊಡುತ್ತಾ. ಅವಳ ದನಿಯಲ್ಲಿ ಬೇಸರವಿರಲಿಲ್ಲ, ಸಂಕಟವಿತ್ತು.

"ನೀನು ಬರೀತೀಯಾ ಕಣವ್ವ, ಚೆನ್ನಾಗೇ ಬರೀತೀಯಾ" ಅಂದರು ಮೇಡಂ. "ಆದ್ರೆ ನಮ್ಮಕ್ಕನ್ನ ಬೈಬೇಕಾದ್ರೆ ನಿನ್ ಕೈಲಿ ಬೈಸಕ್ಕಾಗ್ತದಾ?"

ರಾಯದುರ್ಗಕ್ಕೆ ಬರುವ ದಾರಿಯುದ್ದಕ್ಕೂ, ಪಾವಗಡದಲ್ಲೊಮ್ಮೆ ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸುವಾಗಲೂ, ನನ್ನ ತಲೆಯಲ್ಲಿ ಒಂದೇ ಯೋಚನೆ. ನನ್ನ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕುಳಿತರೂ ಅಕ್ಷರ ಬೀಳುವುದಿಲ್ಲ. ಒತ್ತಬೇಕು ಅಂತ ಒತ್ತಿದರೆ ಮಾತ್ರ ಬೀಳುತ್ತದೆ. ಮೇಡಂ ಅವರ ಬೆರಳುಗಳು ಜೀವಮಾನವೆಲ್ಲ ಅದಕ್ಕಿಂತ ಗಟ್ಟಿಯಾದ ಮಷೀನುಗಳ ಮೇಲೆ ಓಡಾಡಿದವು. ಅವರಿಗೆ ಬೇಕಾದದ್ದು ಅದೇ. ಹಾಗಂತ ಖಚಿತವಾದಷ್ಟೂ ನನಗೆ ಭಯವಾಗುತ್ತಿತ್ತು. ಅದನ್ನು ಕೊಟ್ಟರೆ ನನ್ನ ಕೈಯ ಗತಿ?

ಮನೆಯಲ್ಲಿ ಹೇಳಿದೆ. ನನ್ನ ಗಂಡ ಕೇಳಿಸಿಕೊಂಡು, "ಒಮ್ಮಿ ಒಯ್ದು ನೋಡು. ಅವರ ಕೈಗೆ ಹೊಂದದಿದ್ರ ವಾಪಸ್ ತರ್ತೀ. ಹೊಂದಿದ್ರ ಆಮ್ಯಾಲ ನೋಡೋಣ" ಅಂದರು. ಅಂಗಡಿಯ ಯಜಮಾನರನ್ನು ಕೇಳಿದರೆ ಅವರು ನಕ್ಕುಬಿಟ್ಟರು. "ಗುಜರಿಗೆ ಹಾಕ್ಬೇಕು ಅಂತಿದ್ದ ಸಾಮಾನಿಗೆ ನನ್ನ ಪರ್ಮಿಷನ್ ಕೇಳ್ತೀರೇನ್ರಿ ಅಕ್ಕಾರ? ಒಯ್ರಿ. ಆದ್ರ ನಿಮ್ಮ ಕೈ ಮತ್ತ ಊದಿಕೊಂಡ್ರ ನನ್ನ ಮದುವಿ ಸೀಜನ್ ಹಾಳಾಗ್ತೈತಿ, ಅದನ್ನೂ ಯೋಚ್ನಿ ಮಾಡ್ರಿ."

ಒಂದು ಭಾನುವಾರ ಕೀಬೋರ್ಡನ್ನು ಹಳೆಯ ಜಮಖಾನದಲ್ಲಿ ಸುತ್ತಿ ಮಡಕಶಿರಕ್ಕೆ ಹೋದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತೆಲುಗಿನಲ್ಲಿ, ಹಾರ್ಮೋನಿಯಮ್ಮಾ ಅಂತ ಕೇಳಿದಳು. ಹೌದು ಅಂದುಬಿಟ್ಟೆ, ವಿವರಿಸುವುದಕ್ಕೆ ಸಾಕಾಗಿ.

ಲ್ಯಾಪ್‌ಟಾಪಿಗೆ ಕನ್ವರ್ಟರ್ ಸಿಕ್ಕಿಸಿ, ಹಳೆಯ ಟೈಪ್‌ರೈಟರಿನಲ್ಲಿ ಅಕ್ಷರಗಳು ಯಾವ ಜಾಗದಲ್ಲಿದ್ದವೋ ಅದೇ ಜಾಗಕ್ಕೆ ಬರುವ ಹಾಗೆ ಕನ್ನಡದ ಸಾಫ್ಟ್‌ವೇರಿನಲ್ಲಿ ಬದಲಾಯಿಸಿದೆ. ನಮ್ಮ ಅಂಗಡಿಯಲ್ಲೂ ನಾನು ಅದನ್ನೇ ಬಳಸುವುದು. ಮೇಡಂ ಮಾತ್ರೆ ನುಂಗಿ ಕಾಯುತ್ತಾ ಕುಳಿತಿದ್ದರು. ಕೀಬೋರ್ಡನ್ನು ಹತ್ತಿರ ಸರಿಸಿದೆ.

"ಅಕ್ಷರಾನೇ ಇಲ್ವಲ್ಲಮ್ಮಿ ಇದ್ರ ಮೇಲೆ?"

"ಸವೆದೋಗವೆ ಮೇಡಂ. ನಿಮ್ಗೆ ಯಾಕೆ ಬೇಕು ಅಕ್ಷರ?"

ಅವರು ನನ್ನನ್ನು ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. ಎರಡೂ ಕೈಯನ್ನು ಎತ್ತಿ ಬೆರಳುಗಳನ್ನು ನಡುವಿನ ಸಾಲಿನ ಮೇಲೆ ಇಟ್ಟರು. ಬಲಗೈ ನಡುಗುತ್ತಲೇ ಇತ್ತು. ಕೀಗಳು ಅಲುಗಾಡಿ ಸಣ್ಣಗೆ ಕಿಟಿಕಿಟಿ ಅಂದವು. ನಾನು ಪರದೆಯನ್ನೇ ನೋಡಿದೆ. ಒಂದು ಅಕ್ಷರವೂ ಬೀಳಲಿಲ್ಲ. ಆಮೇಲೆ ಅವರು ಒತ್ತಿದರು. ಟಕ್. ಟಕ್. ಮೊದಲ ಸಾಲಿಗೆ ಬಹಳ ಹೊತ್ತು ಹಿಡಿಯಿತು. ನಡುವೆ ಎರಡು ಕಡೆ ತಪ್ಪಾಯಿತು, ಹಿಂದೆ ಹೋಗಿ ತಿದ್ದಿದರು. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಸದ್ದಿಗೆ ಒಂದು ಲಯ ಬಂದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳಿಗೆ ಈ ಸದ್ದು ಈ ಮನೆಯಲ್ಲಿ ಹೊಸದು.

ಅವರು ಬರೆದದ್ದನ್ನು ನಾನು ಓದಲಿಲ್ಲ. ಕಳಿಸುವ ಗುಂಡಿ ಒತ್ತುವುದಕ್ಕೆ ಕರೆದಾಗ ಕೊನೆಯ ಸಾಲು ಮಾತ್ರ ಕಣ್ಣಿಗೆ ಬಿತ್ತು: "ಬದುಕಿದ್ದೀಯಾ ಇಲ್ವಾ ಅಂತಾದ್ರೂ ಹೇಳೇ."

ಉತ್ತರ ಬಂದದ್ದು ನಾವು ಊಟಕ್ಕೆ ಕುಳಿತಾಗ. ಅಕ್ಕನಿಗೆ ಟೈಪ್ ಮಾಡುವುದು ಬರುವುದಿಲ್ಲ. ಅವರು ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ್ದರು. ಕಿವಿ ಕೇಳದವರ ದನಿ, ತನಗೇ ಕೇಳಿಸಲಿ ಅಂತಲೋ ಏನೋ, ಮನೆಯೆಲ್ಲ ತುಂಬುವಷ್ಟು ಜೋರು. ಅಷ್ಟು ವರ್ಷ ಕಣೇಕಲ್ಲಿನಲ್ಲಿ ಬಾಳಿ ಮಾತು ಪೂರ್ತಿ ಅಲ್ಲಿಯದಾಗಿತ್ತು.

"ಬದುಕೀನವ್ವಾ! ಯಾಕ ಸಾಯ್ಲಿ? ನೀ ಯಾಕ ಇಷ್ಟು ದಿನ ಬರೀಲಿಲ್ಲ? ನಾ ಸತ್ತೀನಂತ ತಿಳ್ಕೊಂಡಿದ್ದೇನು? ನನ್ನ ಕಿವಿ ಹೋಗೈತಿ, ಕಣ್ಣು ಹೋಗಿಲ್ಲ!"

ಮೇಡಂ ನಕ್ಕರು. ನಗುತ್ತಾ ನಗುತ್ತಾ ಅತ್ತರು. "ಅವಳ ಮಾತು ಕೇಳು, ಐತಿ ಅಂತೆ ಐತಿ! ನಮ್ಮನೇಲಿ ಹುಟ್ಟಿದೋಳು!" ಅನ್ನುತ್ತಾ ಅನ್ನದ ಕೈಯಲ್ಲೇ ಎದ್ದು ಹೊರಟವರನ್ನು ನಾವಿಬ್ಬರೂ ಹಿಡಿದು ಕೂರಿಸಬೇಕಾಯಿತು. ಊಟ ಮುಗಿಯುವವರೆಗೂ ಅವರಿಗೆ ಸಮಾಧಾನವಿರಲಿಲ್ಲ. ಕೈ ತೊಳೆದವರೇ ಮತ್ತೆ ಹೋಗಿ ಕುಳಿತರು.

ಕೀಬೋರ್ಡನ್ನು ವಾಪಸು ತರುವ ಮಾತೇ ಬರಲಿಲ್ಲ. ಹೊರಡುವಾಗ ಮೇಡಂ ಕೇಳಿದರು: "ನಿನ್ನ ಕೆಲಸಕ್ಕೆ ಏನು ಮಾಡ್ತೀಯಾ?"

"ಅಂಗಡೀಲಿ ಬೇಕಾದಷ್ಟು ಅವೆ ಮೇಡಂ" ಅಂದೆ. ಅವರು ನಂಬಲಿಲ್ಲ ಅಂತ ಕಾಣುತ್ತದೆ. ಆದರೂ ಬೇಡ ಅನ್ನಲಿಲ್ಲ. ಬೇಡ ಅನ್ನದೆ ಇದ್ದದ್ದಕ್ಕೆ ನನಗೆ ಖುಷಿಯಾಯಿತು.

ಅಂಗಡಿಯಲ್ಲಿ ಮತ್ತೆ ಆ ಹಪ್ಪಳದಂಥ ಕೀಬೋರ್ಡಿನ ಮುಂದೆ ಕುಳಿತೆ. ಈ ಸಲ ಜಾಣತನದಿಂದ, ಮೆಲ್ಲಗೆ ಒತ್ತುತ್ತಾ, ಆಗಾಗ ಎದ್ದು ಕೈ ಕೊಡವುತ್ತಾ ನಿಭಾಯಿಸಿದೆ. ಆದರೂ ನೋವು ಮರಳಿ ಬಂತು. ಯಜಮಾನರು ಕಂಡೂ ಕಾಣದ ಹಾಗೆ ಇದ್ದರು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಹೋದರೆ ನನ್ನ ಟೇಬಲ್ಲಿನ ಮೇಲೆ ದೊಡ್ಡದೊಂದು ಡಬ್ಬಿ. ಸ್ಪ್ರಿಂಗ್ ಇರುವ ಕೀಬೋರ್ಡುಗಳು ಈಗಲೂ ಹೊಸದಾಗಿ ಬರುತ್ತವಂತೆ. ಕಂಪ್ಯೂಟರಿನಲ್ಲಿ ಆಟ ಆಡುವ ಹುಡುಗರು ಅದನ್ನೇ ಹುಡುಕಿ ಕೊಳ್ಳುತ್ತಾರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಯಜಮಾನರು ಆನ್‌ಲೈನಿನಲ್ಲಿ ತರಿಸಿದ್ದರು. ಸಿಕ್ಕಿಸಿದ ಕೂಡಲೇ ಕೀಗಳ ಕೆಳಗಿಂದ ಕೆಂಪು, ಹಸಿರು, ನೀಲಿ ಬೆಳಕು ಓಡಾಡತೊಡಗಿತು.

"ಏನ್ರಿ ಇದು, ಗಣಪತಿ ಕೂಡ್ಸಿದಂಗೈತಿ!" ಅಂತ ಯಜಮಾನರೇ ಬೆಚ್ಚಿದರು. ಅರ್ಜಿ ಬರೆಸುವುದಕ್ಕೆ ಬಂದಿದ್ದ ರೈತರೊಬ್ಬರು ಮುಂದಕ್ಕೆ ಬಗ್ಗಿ ನೋಡುತ್ತಾ ನಿಂತುಬಿಟ್ಟರು. ಬೆಳಕು ಆರಿಸುವ ಉಪಾಯ ಹುಡುಕುವುದರಲ್ಲಿ ಮಧ್ಯಾಹ್ನವಾಯಿತು. ಆರಿದ ಮೇಲೆ ಬೆರಳಿಟ್ಟೆ. ಹಳೆಯದರಷ್ಟು ಗಟ್ಟಿಯಲ್ಲ, ಸದ್ದೂ ಅದರಷ್ಟು ತುಂಬಿದ್ದಲ್ಲ. ಆದರೆ ಬೆರಳಿಗೆ ಎದುರು ನಿಲ್ಲುತ್ತದೆ, ಸೋಲಬೇಕಾದಲ್ಲಿ ಸೋಲುತ್ತದೆ. ಕೈಗೆ ಅಷ್ಟು ಸಾಕು.

"ಹೆಂಗೈತ್ರಿ?" ಅಂದರು ಯಜಮಾನರು.

"ಜೀವ ಬಂತ್ರಿ" ಅಂದೆ. ಅವರು ಫೋನು ಹಿಡಿದುಕೊಂಡು, ಸದ್ದು ಕೇಳದಿರಲಿ ಅಂತ, ತಾವೇ ಅಂಗಡಿಯ ಹೊರಗೆ ಹೋಗಿ ನಿಂತರು.

ಆ ವರ್ಷ ಕೆರೆ ತುಂಬಿ ಕಾಲುವೆಗೆ ನೀರು ಬಿಟ್ಟ ಮೇಲೆ ಮೇಡಂ ಕಣೇಕಲ್ಲಿಗೆ ಬಂದರು. ತಮ್ಮನ ಮಗ ಕಾರಿನಲ್ಲಿ ಕರೆತಂದು ಬಿಟ್ಟು ಹೋದ. ಬಟ್ಟೆಯ ಚೀಲದ ಜೊತೆಗೆ ಲ್ಯಾಪ್‌ಟಾಪೂ ಜಮಖಾನದ ಗಂಟೂ ಬಂದಿದ್ದವು. ಎದುರಿಗೆ ಕುಳಿತರೂ ಅಕ್ಕನಿಗೆ ಇವರ ಮಾತು ಕೇಳುವುದಿಲ್ಲವಲ್ಲ! "ನೀನೂ ಬಾರಮ್ಮಿ, ಬಸ್ಸಿನಾಗೆ ಹತ್ರಾನೇ ಅಲ್ವಾ ನಿಂಗೆ" ಅಂತ ಮೇಡಂ ಫೋನು ಮಾಡಿಸಿದ್ದರು. ರಜೆ ಹಾಕಿ ಹೋದೆ.

ಗದ್ದೆಗಳ ನಡುವೆ ದೊಡ್ಡ ಮನೆ, ಜಗಲಿಯ ಮೇಲೆ ಭತ್ತದ ಚೀಲಗಳು. ಅಕ್ಕ ತಂಗಿಗಿಂತ ಗಿಡ್ಡ, ದುಂಡಗೆ. ನನ್ನನ್ನು ನೋಡಿದವರೇ, "ನೀನ ಏನವ್ವಾ ಆ ಪೆಟ್ಟಿಗಿ ತಂದ್ಕೊಟ್ಟಾಕಿ? ಬಾ, ಚಾ ಕುಡಿ" ಅಂತ ಕೂಗಿ ಹೇಳಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಊಟದ ಟೇಬಲ್ಲಿನ ಮೇಲೆ ಕೀಬೋರ್ಡು ಜೋಡಿಸಿತ್ತು. ಮೇಡಂ ಟೈಪ್ ಮಾಡುತ್ತಾರೆ, ಅಕ್ಕ ಕನ್ನಡಕ ಹಾಕಿಕೊಂಡು ಪರದೆಯಲ್ಲಿ ಓದಿ ಬಾಯಲ್ಲಿ ಉತ್ತರ ಕೊಡುತ್ತಾರೆ. ಅಕ್ಕ ಮೊಳಕೈಯನ್ನು ಟೇಬಲ್ಲಿಗೆ ಒತ್ತಿ ಇಟ್ಟುಕೊಂಡಿದ್ದರು. ಯಾಕೆ ಅಂತ ಮೊದಲು ತಿಳಿಯಲಿಲ್ಲ. ಹಣ್ಣು ಹೆಚ್ಚುತ್ತಾ ಬೇರೆ ಕಡೆ ನೋಡುತ್ತಿದ್ದರೂ, ಮೇಡಂ ಕೀ ಕುಟ್ಟಲು ಶುರುಮಾಡಿದ ಕೂಡಲೇ ಅವರು ತಿರುಗುತ್ತಿದ್ದರು. ಟೇಬಲ್ಲು ಅದುರುವುದರಿಂದ ತಂಗಿ ಏನೋ ಹೇಳುತ್ತಿದ್ದಾಳೆ ಅಂತ ಅವರಿಗೆ ಗೊತ್ತಾಗುತ್ತಿತ್ತು.

ನೋಡುನೋಡುತ್ತಿದ್ದಂತೆ ಜಗಳ ಶುರುವಾಯಿತು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರಂತೆ. ಇರುವೆ ಹತ್ತದಿರಲಿ ಅಂತ ತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡುತ್ತಿದ್ದರು. ಒಂದು ದಿನ ಬಟ್ಟಲು ಒಣಗಿ, ಇರುವೆ ಹತ್ತಿ, ಹುಳುಗಳೆಲ್ಲ ಹೋದವು. ಏಟು ಬಿದ್ದದ್ದು ಅಕ್ಕನಿಗೆ.

"ನೀರು ಹಾಕೂದು ಅವತ್ತು ನಿನ್ನ ಪಾಳಿ ಇತ್ತು! ಹೊಡ್ತ ತಿಂದಾಕಿ ನಾನು!" ಅಂತ ಅಕ್ಕ ಗುಡುಗಿದರು.

ಮೇಡಂ ಕುಟ್ಟಿದರು. ಟಕಟಕ ಟಕಟಕ. ಅಕ್ಕ ಓದಿ ಇನ್ನೂ ಕೆರಳಿದರು. "ಸುಳ್ಳು! ಜ್ವರ ಬಂದಿದ್ದು ನನಗ, ನಿನಗಲ್ಲ!" ಮತ್ತೆ ಟಕಟಕ. ನಡುಗುವ ಕೈ ಸಿಟ್ಟಿನಲ್ಲಿ ನಡುಕವನ್ನೇ ಮರೆತಿತ್ತೋ ಏನೋ, ಅವರು ಅಷ್ಟು ವೇಗವಾಗಿ ಟೈಪ್ ಮಾಡಿದ್ದನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ. ಸೊಸೆ ಬಂದು ಇಣುಕಿ, "ಬಂದಾಗಿಂದ ಇದಾ ನಡದೈತ್ರಿ" ಅಂತ ನನಗೆ ಹೇಳಿ ನಗುತ್ತಾ ಹೋದಳು.

ಕೊನೆಗೆ ಮೇಡಂ ಒಂದು ಸಾಲು ಬರೆದು ಕೈ ಹಿಂದಕ್ಕೆ ತೆಗೆದುಕೊಂಡರು. ಅಕ್ಕ ಕನ್ನಡಕ ಸರಿಮಾಡಿಕೊಂಡು, ತುಟಿ ಅಲುಗಿಸುತ್ತಾ ಓದಿದರು. "ಅವತ್ತು ಅಮ್ಮಾನೇ ನೀರು ಹಾಕೋದು ಮರೆತಿದ್ಲು ಅಂತ ನಂಗೆ ಅನ್ಸುತ್ತೆ ಕಣೇ" ಅಂತ ಇತ್ತು. ಅಕ್ಕ ಕನ್ನಡಕ ತೆಗೆದು ಟೇಬಲ್ಲಿನ ಮೇಲೆ ಇಟ್ಟರು.

"ಇರಬೇಕು" ಅಂದರು, ಈ ಸಲ ಮೆಲ್ಲಗೆ. "ಆಕಿಗೆ ಕೇಳಾಕ ಯಾರಿಗೆ ಧೈರ್ಯ ಇತ್ತು?" ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಅಕ್ಕ ಹೆಚ್ಚಿದ ಪಪ್ಪಾಯಿಯ ತುಂಡೊಂದನ್ನು ತೆಗೆದು ತಂಗಿಯ ಬಾಯಿಗೆ ಇಟ್ಟರು.

ಮೇಡಂ ಆ ಸುಗ್ಗಿ ಮುಗಿಯುವವರೆಗೂ ಕಣೇಕಲ್ಲಿನಲ್ಲೇ ಇದ್ದರು. ಕಾಯಿಲೆ ನಿಂತಿಲ್ಲ. ಮಾತ್ರೆಯ ಬಲ ಇರುವ ಹೊತ್ತು ಈಗ ಮೊದಲಿಗಿಂತ ಕಡಿಮೆ. ಆ ಹೊತ್ತನ್ನು ಅವರು ಟೈಪ್ ಮಾಡುವುದಕ್ಕೇ ಇಟ್ಟುಕೊಂಡಿದ್ದಾರೆ.

ಆ ಜಗಳದ ದಿನ ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ನಾನು ಎದ್ದು, ಬರ್ತೀನಿ ಅಂದೆ. ಅಕ್ಕನಿಗೆ ಅದು ಕೇಳಲಿಲ್ಲ. ಮೇಡಂ ಟೈಪ್ ಮಾಡುವುದರಲ್ಲಿದ್ದರು. ಸೊಸೆಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ರಸ್ತೆಗೆ ಬಂದು ಬಸ್ ಸ್ಟ್ಯಾಂಡಿನ ಆಟೋ ಹತ್ತಿದೆ.